ಓಲೆಯ ವಜ್ರ: ತೂಕ ಮತ್ತು ಬೆಳಕು

ಕಿವಿಯ ಹಾಲೆಯ ಮೇಲೆ ಒಂದೇ ಹರಳಾಗಿ ಕುಳಿತು, ಜೋಲುವ ಸರವನ್ನಾಗಲಿ ಗೆಜ್ಜೆಯನ್ನಾಗಲಿ ಬೇಡದ ವಜ್ರದ ಓಲೆಯು ನೋಟಕ್ಕೆ ಅತ್ಯಂತ ಸರಳವಾದ ಒಡವೆಯಾದರೂ ಆಯ್ಕೆಯ ದೃಷ್ಟಿಯಿಂದ ಬಹಳ ಕಠಿಣವಾದ ಒಡವೆಗಳಲ್ಲಿ ಒಂದು. ಬೆಂಡವಾಲಿ, ಝುಮಕಿ, ಪಾಟಲಿ ಮೊದಲಾದವುಗಳಲ್ಲಿ ಬೆಲೆಯ ಬಹುಪಾಲು ಬಂಗಾರದ ತೂಕದಲ್ಲಿರುವುದರಿಂದ ತಕ್ಕಡಿಯೂ ದಿನದ ದರವೂ ಸೇರಿ ಕೊಳ್ಳುವವರಿಗೆ ಒಂದು ಅಂದಾಜನ್ನು ಕೊಡುತ್ತವೆ. ವಜ್ರದ ಓಲೆಯಲ್ಲಾದರೆ ಬೆಲೆಯ ಬಹುಪಾಲು ನಾಲ್ಕೈದು ಮಿಲಿಮೀಟರ್ ಅಗಲದ ಎರಡು ಕಲ್ಲುಗಳಲ್ಲಿ ಅಡಗಿದ್ದು, ಒಂದೇ ತೂಕದ ಎರಡು ಜೋಡಿಗಳ ಬೆಲೆಯಲ್ಲಿ ಎರಡು ಮೂರು ಪಟ್ಟು ಅಂತರವಿರಬಹುದು. ರಾಮದುರ್ಗ ತಾಲ್ಲೂಕಿನ ಸುರೇಬಾನದಂಥ ಊರಿನ ಕುಟುಂಬವೊಂದು ಮಗಳ ಮದುವೆಗೋ ಸೊಸೆಯ ಕುಬಸಕ್ಕೋ ಇಂಥ ಜೋಡಿಯನ್ನು ಕೊಳ್ಳಲು ರಾಮದುರ್ಗ, ಬೈಲಹೊಂಗಲ, ಬೆಳಗಾವಿ ಅಥವಾ ಹುಬ್ಬಳ್ಳಿಯ ಪೇಟೆಗೆ ಹೋದಾಗ, ಬಂಗಾರದ ಬಗೆಗೆ ತಲೆಮಾರುಗಳಿಂದ ಬಂದ ತಿಳಿವಳಿಕೆ ಅದರ ಬೆನ್ನಿಗಿರುತ್ತದೆ, ಆದರೆ ವಜ್ರದ ಬಗೆಗೆ ಅಂಥ ತಿಳಿವಳಿಕೆ ಸಾಮಾನ್ಯವಾಗಿ ಇರುವುದಿಲ್ಲ. ಆ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬುವುದು ಈ ಭಾಷಣದ ಉದ್ದೇಶ.

ಪೇಟೆಯಲ್ಲಿ ಇಂದು ‘ಟಾಪ್ಸ್’ ಎಂದು ಕರೆಯಿಸಿಕೊಳ್ಳುವ ಈ ಒಡವೆಗೆ ಮೂರು ಅಂಗಗಳಿವೆ: ಮುಂದೆ ಕಾಣುವ ಹರಳು, ಹರಳನ್ನು ಹಿಡಿದಿರುವ ಬಂಗಾರದ ಕಟ್ಟು, ಹಾಲೆಯ ತೂತಿನಲ್ಲಿ ಹಾಯ್ದು ಹಿಂದೆ ಭದ್ರವಾಗುವ ಕಡ್ಡಿ ಮತ್ತು ಅದರ ತಿರುಪು. ಉತ್ತರ ಕರ್ನಾಟಕದ ಮನೆಗಳಲ್ಲಿ ಆ ತಿರುಪಿಗೆ ಫಿರಕಿ ಎಂಬ ಮಾತೂ ಬಳಕೆಯಲ್ಲಿದೆ. ಕಿವಿಗೆ ಒಂದೇ ಒಂದು ಸಣ್ಣ ಹರಳು ಸಾಕು ಎಂಬ ರುಚಿ ಈ ನೆಲದಲ್ಲಿ ಹಳೆಯದಲ್ಲ. ಸವದತ್ತಿ, ರಾಮದುರ್ಗಗಳನ್ನು ದಾಟಿ ಹರಿಯುವ ಮಲಪ್ರಭೆಯ ಕೆಳದಂಡೆಯಲ್ಲಿರುವ ಪಟ್ಟದಕಲ್ಲು ಮತ್ತು ಐಹೊಳೆಯ ಚಾಲುಕ್ಯ ಶಿಲ್ಪಗಳನ್ನು ಗಮನಿಸಿದರೆ, ಅಲ್ಲಿನ ಸ್ತ್ರೀ ಪುರುಷರಿಬ್ಬರೂ ಹಿಗ್ಗಿ ಇಳಿಬಿದ್ದ ಹಾಲೆಗಳಲ್ಲಿ ಭುಜದವರೆಗೆ ಬರುವ ದಪ್ಪ ಕುಂಡಲಗಳನ್ನು ಧರಿಸಿರುವುದು ಕಾಣುತ್ತದೆ. ಅಂಥ ಆಭರಣದಲ್ಲಿ ಗಾತ್ರವೇ ಮುಖ್ಯ. ಕಲ್ಲು ಅದಕ್ಕೆ ಅಲಂಕಾರ. ಒಂಟಿ ಹರಳಿನ ಓಲೆಯಲ್ಲಿ ಈ ಸಂಬಂಧ ತಲೆಕೆಳಗಾಗಿ, ಬಂಗಾರವು ಕಲ್ಲಿನ ಸೇವೆಗೆ ನಿಲ್ಲುತ್ತದೆ.

ವಜ್ರವು ಈ ಸೀಮೆಗೆ ಹೊರಗಿನ ವಸ್ತುವೆಂದು ಭಾವಿಸುವುದು ಮಾತ್ರ ಸರಿಯಲ್ಲ. ಮಲಪ್ರಭೆಯು ಕೂಡಲಸಂಗಮದಲ್ಲಿ ಸೇರುವ ಕೃಷ್ಣೆಯ ಕೆಳಹರಿವಿನಲ್ಲಿಯೇ, ಇಂದಿನ ಆಂಧ್ರಪ್ರದೇಶದ ಕೊಲ್ಲೂರಿನಲ್ಲಿ, ಜಗತ್ತಿನ ಅತಿ ಪ್ರಸಿದ್ಧ ವಜ್ರದ ಗಣಿಯಿತ್ತು. ಆ ನೆಲ ಈಗ ಪುಲಿಚಿಂತಲ ಜಲಾಶಯದ ನೀರಿನಡಿ ಇದೆ. ಬ್ರೆಜಿಲ್‌ನಲ್ಲಿ 1725ರ ಸುಮಾರಿಗೆ ವಜ್ರ ಸಿಗುವವರೆಗೆ ಜಗತ್ತಿನ ವಜ್ರಗಳಲ್ಲಿ ಹೆಚ್ಚಿನವು ಭಾರತದ ನೆಲದಿಂದಲೇ ಹೋಗುತ್ತಿದ್ದವು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕನು ಅಲ್ಲಿನ ಬಜಾರಿನಲ್ಲಿ ಮುತ್ತು, ಮಾಣಿಕ್ಯ, ಪಚ್ಚೆ, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಿದ್ದುದನ್ನು ದಾಖಲಿಸಿದ್ದಾನೆ. ಹದಿನಾರನೆಯ ಶತಮಾನದ ಪೋರ್ಚುಗೀಸ್ ವರ್ತಕ ನೂನಿಜನ ಬರಹದಂತೆ, ಗಣಿಗಳನ್ನು ಗುತ್ತಿಗೆ ಹಿಡಿದವರು ಇಪ್ಪತ್ತು ಮಂಜೆಲಿನ್ ಎಂಬ ತೂಕವನ್ನು ಮೀರಿದ ಪ್ರತಿಯೊಂದು ಹರಳನ್ನೂ ಅರಸನಿಗೆ ಒಪ್ಪಿಸಬೇಕಾಗಿತ್ತು. ಹದಿನೇಳನೆಯ ಶತಮಾನದಲ್ಲಿ, ಇಂದಿನ ರಾಮದುರ್ಗ ತಾಲ್ಲೂಕಿನ ತೊರಗಲ್ ಸೀಮೆಯು ಬಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, ಫ್ರಾನ್ಸಿನ ರತ್ನವ್ಯಾಪಾರಿ ಟ್ಯಾವರ್ನಿಯೆ ಬಿಜಾಪುರದಿಂದ ಎಂಟೊಂಬತ್ತು ದಿನಗಳ ಹಾದಿಯ ರಾವೋಲ್ಕೊಂಡ ಎಂಬ ಗಣಿಯನ್ನು ಕಂಡು ಅಲ್ಲಿನ ವಹಿವಾಟನ್ನು ವಿವರವಾಗಿ ಬರೆದನು.

ಟ್ಯಾವರ್ನಿಯೆಯ ವಿವರಣೆಯಲ್ಲಿ ಇಂದಿನ ಕೊಳ್ಳುಗನಿಗೂ ಬಹಳ ಉಪಯುಕ್ತವಾದ ಒಂದು ಅಂಶವಿದೆ. ಇಲ್ಲಿನ ಸಾಣೆಗಾರರು ದೋಷವಿಲ್ಲದ ಕಲ್ಲಿಗೆ ಚಕ್ರವನ್ನು ಮೇಲೆ ಮೇಲೆ ಸೋಂಕಿಸಿ, ತೂಕ ಕಡಿಮೆಯಾದೀತೆಂಬ ಭಯದಿಂದ ಅದರ ಆಕಾರವನ್ನು ತಿದ್ದದೆ ಬಿಡುತ್ತಿದ್ದರು. ಕಲ್ಲಿನಲ್ಲಿ ಬಿರುಕೋ ಚುಕ್ಕೆಯೋ ಇದ್ದರೆ ಅದನ್ನು ಮರೆಸಲು ಅನೇಕ ಪಟ್ಟೆಗಳನ್ನು ಕೆತ್ತುತ್ತಿದ್ದರು. ಪಟ್ಟೆಯೆಂದರೆ ಸಾಣೆಯಿಂದ ಮೂಡಿಸಿದ ಸಮತಲವಾದ ಮುಖ. ಹೀಗೆ ಭಾರತೀಯ ಪರಂಪರೆಯಲ್ಲಿ ಪಟ್ಟೆಯು ದೋಷ ಮುಚ್ಚುವ ಉಪಾಯವಾಗಿ, ತೂಕವು ಕಾಪಾಡಬೇಕಾದ ಸಂಪತ್ತಾಗಿ ಉಳಿಯಿತು. ಇದಕ್ಕೆ ಕಾರಣವೂ ಇಲ್ಲದಿಲ್ಲ. ರತ್ನಪರೀಕ್ಷೆಯ ಸಂಸ್ಕೃತ ಗ್ರಂಥಗಳು ಉತ್ತಮ ವಜ್ರಕ್ಕೆ ಆರು ಮೊನೆ, ಎಂಟು ಮುಖ, ಹನ್ನೆರಡು ಅಂಚುಗಳಿರಬೇಕೆಂದು ಹೇಳುತ್ತವೆ; ಅದು ನೆಲದಿಂದ ಹುಟ್ಟಿದಂತೆಯೇ ಇರುವ ಅಷ್ಟಮುಖ ಹರಳಿನ ಲಕ್ಷಣವಾದ್ದರಿಂದ, ಕೈ ಹಾಕದ ಕಲ್ಲೇ ಶ್ರೇಷ್ಠವೆಂಬ ಭಾವನೆ ಅದರ ಹಿಂದಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೂ ರಾಜಭಂಡಾರದ ಪ್ರಸಂಗದಲ್ಲಿ ರತ್ನಗಳ ಗುಣದೋಷಗಳನ್ನು ಚರ್ಚಿಸುತ್ತದೆ.

ವಜ್ರವು ಶುದ್ಧ ಇಂಗಾಲದ ಸ್ಫಟಿಕ. ಅದರ ಹೊಳಪಿಗೆ ಕಾರಣ ಬೆಳಕನ್ನು ಬಾಗಿಸುವ ಅದರ ಅಸಾಧಾರಣ ಶಕ್ತಿ. ಸಾಮಾನ್ಯ ಗಾಜಿನ ವಕ್ರೀಭವನಾಂಕ 1.5ರ ಸುಮಾರಿಗಿದ್ದರೆ ವಜ್ರದ್ದು 2.42. ಈ ಕಾರಣದಿಂದ ಹರಳಿನೊಳಗೆ ಹೊಕ್ಕ ಬೆಳಕಿನ ಕಿರಣವು ಒಳಗಿನ ಮುಖವೊಂದನ್ನು ಅದರ ಲಂಬಕ್ಕೆ 24.4 ಡಿಗ್ರಿಗಿಂತ ಹೆಚ್ಚಿನ ಓರೆಯಲ್ಲಿ ತಾಗಿದರೆ ಹೊರಬೀಳದೆ ಪೂರ್ತಿಯಾಗಿ ಒಳಕ್ಕೇ ಪ್ರತಿಫಲಿಸುತ್ತದೆ. ಬುಡದ ಮುಖಗಳ ಓರೆಯನ್ನು ಸರಿಯಾಗಿ ಕೂಡಿಸಿದಾಗ ಮೇಲಿನಿಂದ ಬಂದ ಬೆಳಕು ಎರಡು ಬಾರಿ ಪುಟಿದು ಮತ್ತೆ ಮೇಲಿನಿಂದಲೇ ನೋಡುವವರ ಕಣ್ಣಿಗೆ ಮರಳುತ್ತದೆ. ಓರೆ ತಪ್ಪಿದರೆ, ಬುಡ ಒಡೆದ ಕೊಡದಿಂದ ನೀರು ಸೋರಿದಂತೆ, ಬೆಳಕು ಹರಳಿನ ಕೆಳಗಿನಿಂದ ಹರಿದುಹೋಗುತ್ತದೆ. ಆಂಟ್ವರ್ಪಿನ ವಜ್ರ ಸಾಣೆಗಾರರ ಮನೆತನದ ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್ಸ್ಕಿ 1919ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಓರೆಗಳನ್ನು ಗಣಿತದಿಂದ ನಿರೂಪಿಸಿದನು. ಇಂದು ‘ರೌಂಡ್ ಬ್ರಿಲಿಯಂಟ್’ ಎಂಬ ಹೆಸರಿನಲ್ಲಿ ಎಲ್ಲ ಕಡೆ ಮಾರಾಟವಾಗುವ, 57 ಅಥವಾ 58 ಮುಖಗಳ ದುಂಡು ಹರಳು ಆ ಲೆಕ್ಕದ ಆಧಾರದ ಮೇಲೆಯೇ ಬೆಳೆದುಬಂದದ್ದು.

ವಜ್ರದ ಓಲೆಯನ್ನು ಆರಿಸುವವರು ಮೊದಲು ತಿಳಿಯಬೇಕಾದುದು ಇದನ್ನೇ: ಹಣವನ್ನು ತೂಕಕ್ಕೆ ಕೊಡುವುದಕ್ಕಿಂತ ಬೆಳಕಿಗೆ ಕೊಡುವುದು ಲೇಸು. ವ್ಯಾಪಾರದಲ್ಲಿ ಪ್ರಚಲಿತವಿರುವ ನಾಲ್ಕು ಮಾನಗಳಲ್ಲಿ, ಅಂದರೆ ತೂಕ, ಬಣ್ಣ, ಶುದ್ಧಿ ಮತ್ತು ಸಾಣೆಗಳಲ್ಲಿ, ಮೊದಲಿನ ಮೂರು ಹೆಚ್ಚಾಗಿ ಪ್ರಕೃತಿ ಕೊಟ್ಟವು. ಮನುಷ್ಯನ ಕೈಯಲ್ಲಿರುವುದು ಸಾಣೆಯೊಂದೇ, ಮತ್ತು ಕಿವಿಯಲ್ಲಿ ಕುಳಿತ ಹರಳು ಜೀವಂತವಾಗಿ ಕಾಣುವುದೋ ಮಂಕಾಗಿ ಕಾಣುವುದೋ ಎಂಬುದನ್ನು ನಿರ್ಧರಿಸುವುದೂ ಬಹುಮಟ್ಟಿಗೆ ಅದೇ. ಆದರೆ ಟ್ಯಾವರ್ನಿಯೆ ಕಂಡ ತೂಕದ ಮೋಹ ಇನ್ನೂ ಹೋಗಿಲ್ಲ. ಕಚ್ಚಾ ಕಲ್ಲಿನಿಂದ ಹೆಚ್ಚು ತೂಕ ಉಳಿಸಿಕೊಳ್ಳಲು ಸಾಣೆಗಾರನು ಹರಳಿನ ಬುಡವನ್ನು ಆಳವಾಗಿ ಬಿಟ್ಟರೆ, ಅಥವಾ ನೆತ್ತಿ ಮತ್ತು ಬುಡಗಳು ಕೂಡುವ ನಡುಪಟ್ಟಿಯನ್ನು ದಪ್ಪವಾಗಿ ಬಿಟ್ಟರೆ, ಕೊಳ್ಳುವವರು ತೆತ್ತ ಹಣದ ಒಂದು ಪಾಲು ಬಂಗಾರದ ಕಟ್ಟಿನೊಳಗೆ ಕಾಣದಂತೆ ಹೂತುಹೋಗುತ್ತದೆ. ಪ್ರಮಾಣಪತ್ರದಲ್ಲಿ ಹರಳಿನ ವ್ಯಾಸಕ್ಕೆ ಹೋಲಿಸಿ ಅದರ ಆಳವನ್ನು ಶೇಕಡಾವಾರು ನಮೂದಿಸಿರುತ್ತಾರೆ. ದುಂಡು ಹರಳಿನಲ್ಲಿ ಅದು ಶೇ. 59ರಿಂದ 62.5ರ ಒಳಗಿದ್ದರೆ ಸಾಮಾನ್ಯವಾಗಿ ಒಳ್ಳೆಯದು, 64 ದಾಟಿದರೆ ತೂಕ ಅಡಗಿದೆ ಎಂದು ತಿಳಿಯಬೇಕು. ತೀರ ತೆಳ್ಳಗಿನ ಹರಳು ಅಗಲವಾಗಿ ಕಂಡರೂ ಅದರ ನಡುವೆ ಬೆಳಕಿಲ್ಲದ ಒಂದು ಬಟ್ಟಲು ಕಾಣಿಸುವುದರಿಂದ ಅದೂ ಲಾಭವಲ್ಲ.

ತೂಕದ ಲೆಕ್ಕದಲ್ಲಿ ಕೊಳ್ಳುವವರನ್ನು ದಾರಿ ತಪ್ಪಿಸುವ ಸಂಗತಿಗಳು ಇನ್ನೂ ಕೆಲವಿವೆ. ವಜ್ರದ ತೂಕದ ಮೂಲಮಾನ ಕ್ಯಾರೆಟ್; 1907ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವೊಂದು ಒಪ್ಪಿದಂತೆ ಒಂದು ಕ್ಯಾರೆಟ್ಟಿಗೆ 200 ಮಿಲಿಗ್ರಾಂ, ಅದರ ನೂರನೆಯ ಒಂದು ಪಾಲಿಗೆ ಸೆಂಟ್ ಎಂದು ಹೆಸರು. ಬಂಗಾರದ ಕ್ಯಾರೆಟ್ ಇದಲ್ಲ. ಅದು ಇಪ್ಪತ್ನಾಲ್ಕರಲ್ಲಿ ಎಷ್ಟು ಪಾಲು ಶುದ್ಧ ಬಂಗಾರವಿದೆ ಎಂಬುದರ ಮಾನ. ಕನ್ನಡದಲ್ಲಿ ಎರಡನ್ನೂ ಒಂದೇ ರೀತಿ ಬರೆಯುವುದರಿಂದ ಬಿಲ್ಲಿನ ಮೇಲೆ ಯಾವುದು ಯಾವುದೆಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಅದಕ್ಕಿಂತ ಮುಖ್ಯವಾದುದು ಜೋಡಿಯ ತೂಕ. ಓಲೆಯನ್ನು ಒಂದು ಕ್ಯಾರೆಟ್ಟಿನದೆಂದು ಹೇಳಿದಾಗ ಅದು ಬಹುತೇಕ ಎರಡೂ ಹರಳುಗಳ ಒಟ್ಟು ತೂಕವಾಗಿದ್ದು, ಒಂದೊಂದು ಕಿವಿಗೆ ಬರುವುದು ಅರ್ಧ ಕ್ಯಾರೆಟ್ ಮಾತ್ರ. ಒಂದು ಕ್ಯಾರೆಟ್ಟಿನ ಒಂಟಿ ಹರಳಿನ ಬೆಲೆಗೂ ಅರ್ಧರ್ಧ ಕ್ಯಾರೆಟ್ಟಿನ ಎರಡು ಹರಳುಗಳ ಬೆಲೆಗೂ ದೊಡ್ಡ ಅಂತರವಿರುತ್ತದೆ, ಏಕೆಂದರೆ ಹರಳು ದೊಡ್ಡದಾದಂತೆ ಪ್ರತಿ ಕ್ಯಾರೆಟ್ಟಿನ ದರವೇ ಏರುತ್ತ ಹೋಗುತ್ತದೆ.

ಈ ದರವು 30, 50, 70, 90 ಸೆಂಟ್ ಮತ್ತು 1 ಕ್ಯಾರೆಟ್‌ಗಳಂಥ ಅಂಕಿಗಳಲ್ಲಿ ಥಟ್ಟನೆ ಮೆಟ್ಟಿಲೇರುತ್ತದೆ. ಕಣ್ಣಿಗಾದರೋ ಅಂಥ ಮೆಟ್ಟಿಲುಗಳಿಲ್ಲ. ಚೆನ್ನಾಗಿ ಸಾಣೆ ಹಿಡಿದ 25 ಸೆಂಟಿನ ದುಂಡು ಹರಳಿನ ವ್ಯಾಸ ಸುಮಾರು 4.1 ಮಿಲಿಮೀಟರ್, 50 ಸೆಂಟಿನದು ಸುಮಾರು 5.1, ಒಂದು ಕ್ಯಾರೆಟ್ಟಿನದು ಸುಮಾರು 6.5, ಅಂದರೆ ತೂಕ ನಾಲ್ಕು ಪಟ್ಟಾದಾಗ ಅಗಲ ಹೆಚ್ಚುವುದು ಒಂದೂವರೆ ಪಟ್ಟಿಗಿಂತ ತುಸು ಮೇಲೆ ಮಾತ್ರ. ಆದ್ದರಿಂದ ತಲಾ 50 ಸೆಂಟಿನ ಬದಲು ತಲಾ 46 ಅಥವಾ 47 ಸೆಂಟಿನ, ಸಾಣೆ ಉತ್ತಮವಾಗಿರುವ ಜೋಡಿಯನ್ನು ಆರಿಸಿದವರು ಮೆಟ್ಟಿಲಿನ ಕೆಳಗೆ ನಿಂತು ಹಣ ಉಳಿಸಿದಂತಾಗುತ್ತದೆ, ಕಿವಿಯ ಮೇಲೆ ಆ ವ್ಯತ್ಯಾಸವನ್ನು ಯಾರೂ ಗುರುತಿಸಲಾರರು. ಪ್ರಾಚೀನ ರತ್ನಶಾಸ್ತ್ರವು ಲಘುತ್ವವನ್ನು, ಅಂದರೆ ಗಾತ್ರಕ್ಕೆ ಹೋಲಿಸಿದರೆ ಹಗುರವಾಗಿರುವುದನ್ನು, ವಜ್ರದ ಗುಣಗಳಲ್ಲಿ ಒಂದೆಂದು ಎಣಿಸಿತ್ತು. ವಜ್ರದ ಸಾಂದ್ರತೆ ಎಲ್ಲೆಲ್ಲಿಯೂ 3.52ರಷ್ಟೇ ಇರುವುದರಿಂದ ಅಕ್ಷರಶಃ ಆ ಮಾತು ನಿಲ್ಲುವುದಿಲ್ಲವಾದರೂ, ಒಂದೇ ತೂಕದಲ್ಲಿ ಹೆಚ್ಚು ಅಗಲವಾಗಿ ಕಾಣುವ ಕಲ್ಲನ್ನು ಮೆಚ್ಚಿದ ಆ ಪರೀಕ್ಷಕರ ಕಣ್ಣು ಗೌರವಕ್ಕೆ ಅರ್ಹವಾದುದು.

ಶುದ್ಧಿಯೆಂದರೆ ಹರಳಿನೊಳಗಿನ ಚುಕ್ಕೆ, ಗೆರೆ, ಮಬ್ಬು ಮೊದಲಾದವುಗಳ ಪ್ರಮಾಣ. ಹಳೆಯ ಶಾಸ್ತ್ರವು ಇವನ್ನು ಬಿಂದು, ರೇಖೆ, ಯವ, ಮಲ, ಕಾಕಪಾದ ಎಂದು ಹೆಸರಿಸಿ, ಕಾಗೆಯ ಕಾಲಿನಾಕಾರದ ಕಪ್ಪು ಗುರುತಾದ ಕಾಕಪಾದವನ್ನು ಬಹಳ ಅನಿಷ್ಟವೆಂದು ಸಾರಿತು. ಇಂದಿನ ಪ್ರಯೋಗಾಲಯಗಳು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿ, ಏನೂ ಕಾಣದ ಕಲ್ಲಿನಿಂದ ಬರಿಗಣ್ಣಿಗೇ ದೋಷ ಕಾಣುವ ಕಲ್ಲಿನವರೆಗೆ ದರ್ಜೆಗಳನ್ನು ಗೊತ್ತುಪಡಿಸುತ್ತವೆ. ಪೇಟೆಯಲ್ಲಿ ಕೇಳಿಬರುವ ವಿವಿಎಸ್, ವಿಎಸ್, ಎಸ್‌ಐ ಎಂಬವು ಈ ಸಾಲಿನ ನಡುವಿನ ದರ್ಜೆಗಳು. ವಿಎಸ್ ದರ್ಜೆಯ ಹರಳಿನ ದೋಷವು ಪರಿಣತನಿಗೂ ಬರಿಗಣ್ಣಿನಿಂದ ಕಾಣುವುದಿಲ್ಲ. ದಕ್ಷಿಣ ಭಾರತದ ಕೊಳ್ಳುವವರಲ್ಲಿ ಮಾತ್ರ ವಿವಿಎಸ್ ದರ್ಜೆಯೇ ಆಗಬೇಕೆಂಬ ಹಟ ಬಲವಾಗಿದೆ. ಕಾಕಪಾದದ ಹಳೆಯ ಭಯ ಅದರ ಹಿಂದೆ ಇನ್ನೂ ಉಳಿದಿರುವಂತೆ ತೋರುತ್ತದೆ. ಉಂಗುರವನ್ನಾದರೆ ಧರಿಸಿದವಳು ಕೈಯನ್ನು ಕಣ್ಣಿನ ಹತ್ತಿರ ತಂದು ನೋಡುತ್ತಾಳೆ, ಓಲೆಯನ್ನು ಇತರರು ಕನಿಷ್ಠ ಎರಡಡಿ ದೂರದಿಂದ, ಅದೂ ತಲೆ ಆಡುತ್ತಿರುವಾಗ ನೋಡುತ್ತಾರೆ. ಆದ್ದರಿಂದ ಓಲೆಯ ಮಟ್ಟಿಗೆ ವಿಎಸ್, ಬರಿಗಣ್ಣಿಗೆ ಸ್ವಚ್ಛವಾಗಿದ್ದರೆ ಎಸ್‌ಐ ಸಹ, ಸಾಕು ಎಂದು ನಿಸ್ಸಂಕೋಚವಾಗಿ ಹೇಳಬಹುದು. ಹಾಗೆ ಉಳಿದ ಹಣವನ್ನು ಸಾಣೆಯ ಗುಣಕ್ಕೆ ಹಾಕುವುದೇ ವಿವೇಕ.

ಬಣ್ಣದ ವಿಷಯದಲ್ಲಿಯೂ ಇದೇ ನ್ಯಾಯ. ಅಮೆರಿಕದಲ್ಲಿ 1931ರಲ್ಲಿ ಸ್ಥಾಪಿತವಾದ ರತ್ನವಿಜ್ಞಾನ ಸಂಸ್ಥೆ ಜಿಐಎ ರೂಪಿಸಿದ ಶ್ರೇಣಿಯಲ್ಲಿ, ದರ್ಜೆಯು ಬಣ್ಣವೇ ಇಲ್ಲದ ಹರಳಿಗೆ ಕೊಡುವ ಡಿ ಅಕ್ಷರದಿಂದ ಆರಂಭವಾಗಿ, ಹಳದಿ ಅಥವಾ ಕಂದು ಛಾಯೆ ಹೆಚ್ಚಿದಂತೆ ಜೆಡ್‌ವರೆಗೆ ಇಳಿಯುತ್ತದೆ. ಬಿಳಿ ಬಂಗಾರದಲ್ಲಿ ಅಥವಾ ಪ್ಲಾಟಿನಂನಲ್ಲಿ ಕೂರಿಸುವ ಹರಳಿಗೆ ಜಿ ಅಥವಾ ಎಚ್ ದರ್ಜೆ ಬೇಕಾದೀತು. ಈ ಸೀಮೆಯವರು ಹೆಚ್ಚಾಗಿ ಮೆಚ್ಚುವ ಹಳದಿ ಬಂಗಾರದ ಕಟ್ಟಿನಲ್ಲಿ ಲೋಹದ ಬಣ್ಣವೇ ಹರಳಿನೊಳಗೆ ಪ್ರತಿಫಲಿಸುವುದರಿಂದ ಐ ಅಥವಾ ಜೆ ದರ್ಜೆಯ ಹರಳೂ ಬೆಳ್ಳಗೆ ಕಾಣುತ್ತದೆ. ಹಿರಿಯರ ಮಾತಿನಲ್ಲಿ ಇಂದಿಗೂ ಕೇಳಿಬರುವ ‘ಬ್ಲೂ ಜಾಗರ್’ ಎಂಬ ವಜ್ರದ ಹೆಸರು ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೈನ್ ಗಣಿಯಿಂದ ಬಂದದ್ದು. ಅಲ್ಲಿನ ಕೆಲವು ಹರಳುಗಳು ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳಿಗೆ ನಸುನೀಲಿಯಾಗಿ ಮಿನುಗಿ, ಇನ್ನಷ್ಟು ಬಿಳುಪಾಗಿ ತೋರುತ್ತಿದ್ದುದರಿಂದ ದಕ್ಷಿಣ ಭಾರತದ ಮನೆಗಳಲ್ಲಿ ಅವುಗಳಿಗೆ ವಿಶೇಷ ಮನ್ನಣೆ ದೊರೆಯಿತು. ಆ ಗಣಿ 1971ರಲ್ಲಿ ಮುಚ್ಚಿದೆ. ಹೊಸ ಹರಳನ್ನು ಆ ಹೆಸರಿನಲ್ಲಿ ಹೊಗಳಿ ಮಾರುವುದು ಮಿನುಗುವ ಗುಣವೊಂದರ ವರ್ಣನೆಯೇ ಹೊರತು ಹುಟ್ಟೂರಿನ ಸಾಕ್ಷ್ಯವಲ್ಲ. ಮಿನುಗು ಅತಿಯಾದ ಕೆಲವು ಹರಳುಗಳು ಬಿಸಿಲಿನಲ್ಲಿ ಹಾಲು ಬೆರೆಸಿದಂತೆ ಮಬ್ಬಾಗುವುದುಂಟಾದ್ದರಿಂದ ಓಲೆಯನ್ನು ಅಂಗಡಿಯ ಹೊರಗಿನ ಬೆಳಕಿನಲ್ಲಿಯೂ ನೋಡಿಯೇ ಕೊಳ್ಳಬೇಕು. ಅಂಗಡಿಯೊಳಗಿನ ಚುಚ್ಚುವ ದೀಪಗಳ ಕೆಳಗೆ ಎಂಥ ಸಾಣೆಯ ಹರಳೂ ಮಿಂಚುತ್ತದೆ.

ಓಲೆಗೆ ಮಾತ್ರ ವಿಶಿಷ್ಟವಾದ, ಆದರೂ ಕೊಳ್ಳುವವರು ಬಹಳ ಕಡಿಮೆ ಗಮನಿಸುವ ಪ್ರಶ್ನೆಯೆಂದರೆ ಜೋಡಿಯ ಹೊಂದಾಣಿಕೆ. ಉಂಗುರಕ್ಕೆ ಒಂದು ಒಳ್ಳೆಯ ಕಲ್ಲು ಸಾಕು. ಓಲೆಗೆ ಎರಡು ಕಲ್ಲುಗಳು ವ್ಯಾಸದಲ್ಲಿ, ಬಣ್ಣದಲ್ಲಿ, ಬೆಳಕು ಚಿಮ್ಮುವ ರೀತಿಯಲ್ಲಿ ಒಂದಕ್ಕೊಂದು ಹೊಂದಬೇಕು. ತೂಕ ಒಂದೇ ಇದ್ದ ಮಾತ್ರಕ್ಕೆ ಹೊಂದಾಣಿಕೆ ಆಯಿತೆಂದಲ್ಲ, ಏಕೆಂದರೆ ಒಂದು ಆಳವಾಗಿ ಮತ್ತೊಂದು ತೆಳ್ಳಗಿದ್ದರೆ ಅವುಗಳ ಅಗಲ ಬೇರೆಯಾಗುತ್ತದೆ. ಆದ್ದರಿಂದ ಪ್ರಮಾಣಪತ್ರಗಳಲ್ಲಿ ತೂಕಕ್ಕಿಂತ ಮಿಲಿಮೀಟರ್ ಅಳತೆಯನ್ನು ತಾಳೆ ನೋಡುವುದು ಹೆಚ್ಚು ಫಲಕಾರಿ, ಮತ್ತು ವ್ಯಾಸದಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಅಂತರವನ್ನು ಒಪ್ಪಿಕೊಳ್ಳಬಹುದು. ಶುದ್ಧಿಯಲ್ಲಿ ಒಂದು ದರ್ಜೆಯ ವ್ಯತ್ಯಾಸ ಕಿವಿಯಲ್ಲಿ ಕಾಣುವುದಿಲ್ಲ, ಬಣ್ಣದಲ್ಲಿ ಎರಡು ದರ್ಜೆಯ ವ್ಯತ್ಯಾಸ ಕಂಡೀತು, ಸಾಣೆಯಲ್ಲಿನ ವ್ಯತ್ಯಾಸ ಎಲ್ಲಕ್ಕಿಂತ ಮೊದಲು ಕಾಣುತ್ತದೆ. ಎರಡನ್ನೂ ಬಿಳಿ ಕಾಗದದ ಮೇಲೆ ಪಕ್ಕಪಕ್ಕದಲ್ಲಿಟ್ಟು, ಬಳಿಕ ಸ್ಥಾನ ಅದಲುಬದಲು ಮಾಡಿ ನೋಡಿದಾಗಲೂ ಯಾವುದು ಯಾವುದೆಂದು ಹೇಳಲು ಬಾರದಿದ್ದರೆ ಆ ಜೋಡಿ ಕೂಡಿಬಂದಂತೆ. ಇಂಥ ಹೊಂದಾಣಿಕೆಗಾಗಿ ವ್ಯಾಪಾರಿಯು ಹತ್ತಾರು ಹರಳುಗಳನ್ನು ಹುಡುಕಿರುತ್ತಾನಾದ್ದರಿಂದ ಅದಕ್ಕೆ ತುಸು ಹೆಚ್ಚು ಬೆಲೆ ಕೇಳಿದರೆ ಅದು ಅನ್ಯಾಯವೆನಿಸದು.

ಕರ್ನಾಟಕದ ಮನೆಗಳಲ್ಲಿ ಒಂಟಿ ಹರಳಿಗಿಂತ ಹಿಂದಿನಿಂದ ನಡೆದುಬಂದದ್ದು ಏಳು ಕಲ್ಲಿನ ಓಲೆ. ನಡುವೆ ಒಂದು, ಸುತ್ತ ಆರು ಹರಳುಗಳಿರುವ ಈ ವಿನ್ಯಾಸದ ಹಿಂದೆ ರೇಖಾಗಣಿತದ ಸೊಗಸಾದ ಸತ್ಯವೊಂದಿದೆ: ಒಂದೇ ಅಳತೆಯ ದುಂಡುಗಳನ್ನು ಒಂದರ ಸುತ್ತ ತಾಗುವಂತೆ ಜೋಡಿಸಿದರೆ ಸರಿಯಾಗಿ ಆರು ಮಾತ್ರ ಹಿಡಿಯುತ್ತವೆ, ಐದಾದರೆ ಸಂದು ಉಳಿಯುತ್ತದೆ, ಏಳನೆಯದಕ್ಕೆ ಎಡೆಯಿಲ್ಲ. ಹಣದ ಲೆಕ್ಕವೂ ಅದರ ಪರವಾಗಿದೆ. ಹತ್ತು ಸೆಂಟಿನ, ಸುಮಾರು 3 ಮಿಲಿಮೀಟರ್ ವ್ಯಾಸದ ಏಳು ಹರಳುಗಳು ಕೂಡಿ 70 ಸೆಂಟ್ ತೂಕದಲ್ಲಿ 9 ಮಿಲಿಮೀಟರ್ ಅಗಲದ ಹೂವನ್ನು ಮೂಡಿಸುತ್ತವೆ. ಅಷ್ಟೇ ಅಗಲದ ಒಂಟಿ ಹರಳು ಬೇಕಾದರೆ ಎರಡೂವರೆ ಕ್ಯಾರೆಟ್ಟಿಗೂ ಮಿಕ್ಕಿದ ಕಲ್ಲು ಬೇಕಾಗಿ, ಅದರ ಬೆಲೆ ಹಲವು ಪಟ್ಟಾಗುತ್ತದೆ. ದೂರದಿಂದ ತುಂಬಿದ ನೋಟ ಬೇಕಾದವರು, ಸೀರೆಯೊಡನೆ ಧರಿಸುವವರು ಏಳು ಕಲ್ಲಿನ ಓಲೆಯನ್ನೂ, ಶಾಲೆ, ಬ್ಯಾಂಕು, ಆಸ್ಪತ್ರೆಗಳ ಕೆಲಸಕ್ಕೆ ದಿನವೂ ಧರಿಸುವವರು ಒಂಟಿ ಹರಳನ್ನೂ ಆರಿಸುವುದು ರೂಢಿ. ಆದರೆ ಏಳು ಕಲ್ಲಿನದರಲ್ಲಿ ಎರಡು ಕಿವಿಗೂ ಸೇರಿ ಹದಿನಾಲ್ಕು ಹರಳುಗಳು ಹೊಂದಬೇಕೆಂಬುದನ್ನು ಮರೆಯಬಾರದು.

ಹರಳನ್ನು ಬಂಗಾರದಲ್ಲಿ ಕೂರಿಸುವ ಕಟ್ಟಿನಲ್ಲಿ ಎರಡು ಮುಖ್ಯ ಬಗೆಗಳಿವೆ. ಹಿಂದಿನ ಓಲೆಗಳಲ್ಲಿ ಹರಳಿನ ಬೆನ್ನನ್ನು ಪೂರ್ತಿ ಮುಚ್ಚಿ ಬಂಗಾರದ ಗೂಡಿನಲ್ಲಿ ಕೂರಿಸುತ್ತಿದ್ದರು. ಅದು ಭದ್ರವಾದರೂ ಹರಳಿನ ಬುಡದ ಸ್ಥಿತಿಯನ್ನು ನೋಡಲು ಆಸ್ಪದವಿಲ್ಲ, ಒಳಗೆ ಸೇರಿದ ಎಣ್ಣೆ, ಅರಿಸಿನ, ಸಾಬೂನುಗಳನ್ನು ತೆಗೆಯುವುದೂ ಕಷ್ಟ. ಬೆನ್ನು ತೆರೆದ ಕಟ್ಟಿನಲ್ಲಿ ನಾಲ್ಕು ಅಥವಾ ಆರು ಬಂಗಾರದ ಉಗುರುಗಳು ಹರಳಿನ ನಡುಪಟ್ಟಿಯನ್ನು ಹಿಡಿದಿರುತ್ತವೆ. ವಜ್ರವು ಗೀರಿಗೆ ಅತ್ಯಂತ ಗಟ್ಟಿಯಾದ ವಸ್ತುವಾದರೂ ಪೆಟ್ಟಿಗೆ ಅಷ್ಟು ಗಟ್ಟಿಯಲ್ಲ; ಅದರ ಸ್ಫಟಿಕದಲ್ಲಿ ಸೀಳಿಕೊಳ್ಳಬಲ್ಲ ನಾಲ್ಕು ದಿಕ್ಕುಗಳಿರುವುದರಿಂದ, ನಿಜವಾದ ವಜ್ರ ಸುತ್ತಿಗೆಗೆ ಒಡೆಯುವುದಿಲ್ಲವೆಂಬ ನಂಬಿಕೆ ಅನೇಕ ಒಳ್ಳೆಯ ಹರಳುಗಳನ್ನು ಹಾಳುಮಾಡಿದೆ. ಉಗುರುಗಳ ಮಟ್ಟಿಗೆ 22 ಕ್ಯಾರೆಟ್ಟಿನ ಮೆದು ಬಂಗಾರಕ್ಕಿಂತ, ನಾಲ್ಕರಲ್ಲಿ ಮೂರು ಪಾಲು ಶುದ್ಧ ಬಂಗಾರವಿರುವ 18 ಕ್ಯಾರೆಟ್ಟಿನ ಗಟ್ಟಿ ಬಂಗಾರ ಹೆಚ್ಚು ಯೋಗ್ಯ. ಸೆರಗಿನ ಅಥವಾ ಸ್ವೆಟರಿನ ನೂಲಿಗೆ ಸಿಕ್ಕದಂತೆ ಉಗುರಿನ ತುದಿ ನುಣುಪಾಗಿರಬೇಕು. ಬಟ್ಟೆಯ ತುಣುಕೊಂದನ್ನು ಅದರ ಮೇಲೆ ಎಳೆದು ನೋಡಿದರೆ ತಿಳಿಯುತ್ತದೆ.

ಬೆಲೆಬಾಳುವ ಓಲೆ ಕಳೆದುಹೋಗುವುದು ಹರಳಿನ ದೋಷದಿಂದಲ್ಲ, ಹಿಂದಿನ ಫಿರಕಿಯ ದೋಷದಿಂದ. ಒತ್ತಿ ಸಿಕ್ಕಿಸುವ ಬಗೆಯ ಹಿಡಿ ಕಾಲಕ್ರಮದಲ್ಲಿ ಸಡಿಲವಾಗುತ್ತದೆ. ಮರೆ, ಅಂದರೆ ತಿರುಪಿನ ಸುರುಳಿಗೆರೆ, ಇರುವ ಕಡ್ಡಿಗೆ ತಿರುಗಿಸಿ ಕೂರಿಸುವ ತಿರುಪು, ಹಾಕಿ ತೆಗೆಯಲು ತುಸು ತಡವಾದರೂ, ದಿನಬಳಕೆಯ ವಜ್ರಕ್ಕೆ ಅದೇ ತಕ್ಕದ್ದು. ಉತ್ತರ ಕರ್ನಾಟಕದ ಹಿರಿಯ ಹೆಂಗಸರಲ್ಲಿ ಬಹಳ ವರ್ಷ ಭಾರವಾದ ಬೆಂಡವಾಲಿ, ಝುಮಕಿಗಳನ್ನು ಧರಿಸಿ ಹಾಲೆಯ ತೂತು ಉದ್ದವಾಗಿರುವುದು ಸಾಮಾನ್ಯ. ಅಂಥ ಕಿವಿಯಲ್ಲಿ ತೆಳ್ಳಗಿನ ಕಡ್ಡಿಯ ಒಂಟಿ ಹರಳು ಮುಂದಕ್ಕೆ ಬಾಗಿ ನೆಲವನ್ನು ನೋಡುವುದರಿಂದ ಅದರ ಬೆಳಕೆಲ್ಲ ವ್ಯರ್ಥವಾಗುತ್ತದೆ; ಅವರಿಗೆ ಕಟ್ಟು ಹಾಲೆಗೆ ಅಂಟಿ ಕೂರುವಂತೆ ಗಿಡ್ಡವಾಗಿದ್ದು, ಹಿಂದಿನ ಫಿರಕಿ ಅಗಲವಾದ ಬಿಲ್ಲೆಯಾಗಿರುವ ಓಲೆ ಬೇಕು, ಇಲ್ಲವೆ ಮೊದಲು ವೈದ್ಯರಿಂದ ತೂತನ್ನು ಹೊಲಿಸಿಕೊಳ್ಳಬೇಕು. ಕನ್ನಡಿಯ ಮುಂದೆ ಓಲೆಯನ್ನು ಧರಿಸಿ ತಲೆಯನ್ನು ಆಡಿಸಿ, ಹರಳು ನೇರ ಮುಂದಕ್ಕೆ ನಿಲ್ಲುವುದೇ ಎಂದು ನೋಡದೆ ಹಣ ಕೊಡಬಾರದು.

ವಜ್ರವಲ್ಲದ ಕಲ್ಲುಗಳು ಮತ್ತು ಪ್ರಯೋಗಾಲಯದ ವಜ್ರಗಳ ನಡುವಿನ ಭೇದವೂ ಸ್ಪಷ್ಟವಾಗಿ ತಿಳಿದಿರಬೇಕು. ‘ಅಮೆರಿಕನ್ ಡೈಮಂಡ್’ ಎಂದು ಮಾರಾಟವಾಗುವುದು ಕ್ಯೂಬಿಕ್ ಜಿರ್ಕೋನಿಯಾ ಎಂಬ ಬೇರೆ ವಸ್ತು. ಅದೇ ಗಾತ್ರದ ವಜ್ರಕ್ಕಿಂತ ಅದು ಒಂದೂವರೆ ಪಟ್ಟಿಗೂ ಹೆಚ್ಚು ಭಾರ. ಮೊಯ್ಸನೈಟ್ ಎಂಬುದು ಸಿಲಿಕಾನ್ ಮತ್ತು ಇಂಗಾಲ ಕೂಡಿದ ವಸ್ತು. ಶಾಖವನ್ನು ವಜ್ರದಂತೆಯೇ ಸಾಗಿಸುವುದರಿಂದ ಅಂಗಡಿಯ ಸಾಮಾನ್ಯ ಪರೀಕ್ಷಾ ಸಲಾಕೆಯನ್ನು ಅದು ವಂಚಿಸಬಲ್ಲದು. ಲ್ಯಾಬ್ ಗ್ರೋನ್ ವಜ್ರವು ಮಾತ್ರ ನಕಲಿಯಲ್ಲ. ಅಧಿಕ ಒತ್ತಡ ಮತ್ತು ಉಷ್ಣತೆಯಲ್ಲಿ, ಅಥವಾ ಇಂಗಾಲವುಳ್ಳ ಅನಿಲದಿಂದ ಪದರ ಪದರವಾಗಿ ಬೆಳೆಸಿದ ಅದು ರಾಸಾಯನಿಕವಾಗಿ ವಜ್ರವೇ ಆಗಿದ್ದು, ಗಣಿಯ ವಜ್ರದಿಂದ ಅದನ್ನು ಬೇರ್ಪಡಿಸಲು ಪ್ರಯೋಗಾಲಯದ ಉಪಕರಣಗಳೇ ಬೇಕು. ಸೂರತ್ ಇಂದು ಅದರ ದೊಡ್ಡ ಕೇಂದ್ರ. ಕೆಲವೇ ವರ್ಷಗಳಲ್ಲಿ ಅದರ ಬೆಲೆ ಬಹಳ ಕುಸಿದಿರುವುದರಿಂದ, ಅದನ್ನು ಅಲಂಕಾರಕ್ಕೆಂದು ತಿಳಿದು ಕಡಿಮೆ ಬೆಲೆಗೆ ಕೊಳ್ಳುವುದರಲ್ಲಿ ತಪ್ಪಿಲ್ಲ. ಗಣಿಯ ವಜ್ರದ ಬೆಲೆ ತೆತ್ತು ಅದನ್ನು ಪಡೆಯುವುದು ಮೋಸಹೋದಂತೆ. ಆ ಕಾರಣಕ್ಕೆ ಬಿಲ್ಲಿನ ಮೇಲೆ ಯಾವ ಬಗೆಯ ವಜ್ರವೆಂದು ಬರೆಯಿಸಿಕೊಳ್ಳಲೇಬೇಕು.

ಬಂಗಾರದ ಭಾಗಕ್ಕೆ ಸರಕಾರದ ಹಾಲ್‌ಮಾರ್ಕ್ ರಕ್ಷಣೆಯಿದೆ. 2021ರ ಜೂನ್ 16ರಿಂದ ಹಂತಹಂತವಾಗಿ ಕಡ್ಡಾಯವಾದ ಈ ಮುದ್ರೆಯಲ್ಲಿ 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಗುರುತು ಇರಲೇಬೇಕಾಗಿದ್ದು, ಅದನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ಆದರೆ ಎರಡು ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ, ಮತ್ತು ಸಣ್ಣ ಟಾಪ್ಸ್ ಈ ಮಿತಿಯೊಳಗೆ ಸುಲಭವಾಗಿ ಬರುತ್ತದೆ. ಅದಲ್ಲದೆ ಆ ಮುದ್ರೆ ಬಂಗಾರದ ಶುದ್ಧಿಯನ್ನಷ್ಟೇ ಹೇಳುತ್ತದೆ, ಹರಳಿನ ಬಗೆಗೆ ಏನನ್ನೂ ಹೇಳುವುದಿಲ್ಲ. ಹರಳಿಗೆ ಜಿಐಎ, ಐಜಿಐ ಮೊದಲಾದ ಸ್ವತಂತ್ರ ಪ್ರಯೋಗಾಲಯಗಳ ಪ್ರಮಾಣಪತ್ರ ಬೇಕು. ಅದರ ಸಂಖ್ಯೆಯನ್ನು ಅನೇಕ ವೇಳೆ ಹರಳಿನ ನಡುಪಟ್ಟಿಯ ಮೇಲೆ ಲೇಸರಿನಿಂದ ಕೆತ್ತಿರುತ್ತಾರೆ. ಬಿಲ್ಲಿನಲ್ಲಿ ಒಡವೆಯ ಒಟ್ಟು ತೂಕ, ಹರಳಿನ ತೂಕ ಕಳೆದ ಬಂಗಾರದ ನಿವ್ವಳ ತೂಕ, ಹರಳಿನ ತೂಕ ಮತ್ತು ದರ, ಮಜೂರಿ, ತೇಮಾನು ಇವೆಲ್ಲ ಬೇರೆಬೇರೆಯಾಗಿರಬೇಕು. ಐದು ಕ್ಯಾರೆಟ್ ಹರಳಿಗೆ ಒಂದು ಗ್ರಾಂ ಎಂಬ ಲೆಕ್ಕ ನೆನಪಿದ್ದರೆ, ಕಲ್ಲನ್ನೂ ಬಂಗಾರದ ದರದಲ್ಲಿ ತೂಗಿಕೊಟ್ಟಿದ್ದಾರೆಯೇ ಎಂಬುದು ಅಲ್ಲಿಯೇ ತಿಳಿಯುತ್ತದೆ.

ಮರುಮಾರಾಟದ ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಕಬ್ಬಿನ ಬಿಲ್ಲು ಬಂದಾಗ ಬಂಗಾರ ಕೊಂಡು, ಮಳೆ ಕೈಕೊಟ್ಟ ವರ್ಷ ಅದನ್ನು ಒತ್ತೆಯಿಟ್ಟು ಬಿತ್ತನೆ ನಡೆಸುವ ಈ ಭಾಗದ ರೈತಕುಟುಂಬಗಳಿಗೆ ಒಡವೆಯೆಂದರೆ ಉಳಿತಾಯವೂ ಹೌದು. ಬಂಗಾರದ ಸಾಲ ಕೊಡುವ ಸಂಸ್ಥೆಗಳು ಸಾಮಾನ್ಯವಾಗಿ ಹರಳಿನ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮರಳಿ ಮಾರುವಾಗ ವಜ್ರಕ್ಕೆ ಕೊಂಡ ಬೆಲೆ ಸಿಗುವುದು ಅಪರೂಪ. ಉಳಿತಾಯಕ್ಕೆ ಬಂಗಾರವೇ ಸರಿ. ವಜ್ರವನ್ನು ಧರಿಸುವ ಸಂತೋಷಕ್ಕಾಗಿ, ಸಾಲ ಮಾಡದೆ, ಕೈಲಾದಷ್ಟೇ ಗಾತ್ರದಲ್ಲಿ ಕೊಳ್ಳಬೇಕು. ವಿನಿಮಯಕ್ಕೆ ಮತ್ತು ವಾಪಸಿಗೆ ಅಂಗಡಿಯು ಶೇಕಡಾ ಎಷ್ಟು ಕೊಡುತ್ತದೆ ಎಂಬುದನ್ನು ಬಾಯಿಮಾತಿನಲ್ಲಿ ಬಿಡದೆ ಬರವಣಿಗೆಯಲ್ಲಿ ಪಡೆಯುವುದು ಅವಶ್ಯ.

ವಜ್ರಕ್ಕೆ ಜಿಡ್ಡನ್ನು ಸೆಳೆದುಕೊಳ್ಳುವ ಸ್ವಭಾವವಿದೆ. ತಲೆಗೆ ಹಚ್ಚುವ ಎಣ್ಣೆ ಓಲೆಯ ಹಿಂಬದಿಗೆ ಇಳಿದು ಹರಳಿನ ಬುಡಕ್ಕೆ ಪೊರೆ ಕಟ್ಟಿದಾಗ ಬೆಳಕಿನ ಒಳಪುಟಿತ ತಪ್ಪಿ, ಅತ್ಯುತ್ತಮ ಸಾಣೆಯ ಹರಳೂ ಮಂಕಾಗುತ್ತದೆ. ಬೆಚ್ಚನೆಯ ನೀರಿನಲ್ಲಿ ಮೆದು ಸಾಬೂನನ್ನೋ, ಪತ್ತಾರರು ಹಿಂದಿನಿಂದ ಬಳಸುತ್ತಿದ್ದ ಅಂಟುವಾಳದ ಕಾಯಿಯ ನೊರೆಯನ್ನೋ ಕಲಸಿ, ಓಲೆಯನ್ನು ಸ್ವಲ್ಪ ಹೊತ್ತು ನೆನೆಯಿಟ್ಟು, ಮೆತ್ತನೆಯ ಬ್ರಷ್ಷಿನಿಂದ ಹಿಂಬದಿಯನ್ನು ಉಜ್ಜಿದರೆ ಸಾಕು. ಇದನ್ನು ಬಚ್ಚಲಿನ ತೂತಿನ ಬಳಿಯಲ್ಲಿ ಮಾಡದೆ ಬಟ್ಟಲೊಂದರಲ್ಲಿ ಮಾಡಬೇಕು. ಒಂದು ವಜ್ರವನ್ನು ಇನ್ನೊಂದು ವಜ್ರ ಗೀರಬಲ್ಲದಾದ್ದರಿಂದ ಓಲೆಗಳನ್ನು ಒಂದೇ ಡಬ್ಬಿಯಲ್ಲಿ ಒಟ್ಟಿಗೆ ಸುರಿಯದೆ ಬೇರೆಬೇರೆ ಬಟ್ಟೆಯಲ್ಲಿ ಸುತ್ತಿಡಬೇಕು, ವರ್ಷಕ್ಕೊಮ್ಮೆ ಉಗುರುಗಳನ್ನೂ ಫಿರಕಿಯ ಮರೆಯನ್ನೂ ಪತ್ತಾರರಿಂದ ನೋಡಿಸಬೇಕು.

ಅಜ್ಜಿಯ ಕಾಲದ ಏಳು ಕಲ್ಲಿನ ಓಲೆಯನ್ನು ಬಿಡಿಸಿ ಮೊಮ್ಮಗಳಿಗೆ ಹೊಸ ಟಾಪ್ಸ್ ಮಾಡಿಸುವ ಯೋಚನೆ ಅನೇಕ ಮನೆಗಳಲ್ಲಿ ಬರುತ್ತದೆ. ಹಳೆಯ ಹರಳುಗಳ ಸಾಣೆ ಇಂದಿನ ಲೆಕ್ಕಕ್ಕೆ ಸರಿಹೊಂದದಿದ್ದರೂ, ಮತ್ತೆ ಸಾಣೆ ಹಿಡಿಸಿದರೆ ತೂಕ ಸಾಕಷ್ಟು ಇಳಿಯುವುದರಿಂದ, ನಡುವಿನ ಕಲ್ಲು ದೊಡ್ಡದಾಗಿದ್ದ ಹೊರತು ಅವನ್ನು ಇದ್ದಂತೆಯೇ ಉಳಿಸುವುದು ಮೇಲು. ದೀಪದ ಬೆಳಕಿನಲ್ಲಿ ಅವು ಬಣ್ಣಬಣ್ಣದ ದೊಡ್ಡ ಕಿಡಿಗಳನ್ನು ಚಿಮ್ಮುವ ರೀತಿ ಹೊಸ ಹರಳುಗಳಿಗೆ ಬರುವುದಿಲ್ಲ. ಕೆಲಸಕ್ಕೆ ಕೊಡುವ ಮುನ್ನ ಓಲೆಯ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಂಡು, ಬಿಡಿಸಿದ ಹರಳುಗಳನ್ನು ಮನೆಯವರ ಎದುರಿಗೇ ತೂಗಿಸಿ, ಒಂದೊಂದರ ಅಳತೆಯನ್ನೂ ಎದ್ದು ಕಾಣುವ ಚುಕ್ಕೆ ಗೆರೆಗಳನ್ನೂ ಚೀಟಿಯಲ್ಲಿ ಬರೆಯಿಸಿ ಪತ್ತಾರರ ಸಹಿ ಪಡೆಯಬೇಕು. ಹೊಸ ಓಲೆ ಕೈಗೆ ಬಂದ ದಿನ ಅದೇ ಚೀಟಿಯೊಡನೆ ಹರಳುಗಳನ್ನು ತಾಳೆ ನೋಡಿ, ಹಳೆಯ ಓಲೆಯ ಬಂಗಾರವನ್ನು ಕರಗಿಸಿದಾಗ ಬಂದ ತೂಕವನ್ನು ಬಿಲ್ಲಿನಲ್ಲಿ ಮುರಿದುಕೊಂಡಿದ್ದಾರೆಯೇ ಎಂದು ಪರಿಶೀಲಿಸಿದ ಬಳಿಕವೇ ಮಜೂರಿಯನ್ನು ಕೊಡುವುದು ಯುಕ್ತ.